ಮಾತಿಲ್ಲದ ಕಡೆ ನಾನು ಹೇಳಿದ್ದು

ಆ ಪಿಕ್ಚರಿನಲ್ಲಿ ಹುಡುಗಿ ಸಾಯಲಿಲ್ಲ, ಸರೋಜ. ಅವಳಿಗೆ ಮದುವೆಯಾಯಿತು. ಸತ್ತಳು ಅಂತ ನಾನು ನಿನಗೆ ಹೇಳಿದೆ. ಬಾಯಿ ತಪ್ಪಿ ಅಲ್ಲ, ಬೇಕಂತಲೇ ಹೇಳಿದೆ.

ವಿಷಯ ಇಷ್ಟೇ. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಯಾಕೆ ಅಂತ ನೀನು ಕೇಳ್ತೀಯ, ಕೇಳಲೇಬೇಕು — ಆ ಯಾಕೆ ಅನ್ನೋದೇ ನನಗೆ ನೆಟ್ಟಗೆ ಗೊತ್ತಿಲ್ಲ. ಬರೆದರೆ ಬಿಡಿಸಿಕೊಳ್ಳಬಹುದು ಅಂತ ಕೂತೆ. ಬರೀತಾ ಬರೀತಾ ಇನ್ನೂ ಸಿಕ್ಕಾಗ್ತಾ ಇದೆ, ಬಾಚದ ಕೂದಲಿನ ಹಾಗೆ.

ಇದನ್ನು ನಿನಗೆ ಓದಿ ಹೇಳೋರು ಗಿರಿಜಮ್ಮನವರು. ಅವರಿಗೂ ಅರ್ಥ ಆಗಬೇಕಲ್ಲ, ಅದಕ್ಕೆ ನಿನಗೆ ಗೊತ್ತಿರೋದನ್ನೂ ಸ್ವಲ್ಪ ಹೇಳ್ತೀನಿ. ಸುಮ್ಮನೆ ಕೇಳಿಸ್ಕೋ. ನಾನು ಅಕ್ಷರ ಕಲಿತದ್ದೇ ತಲೆ ನೆರೆತ ಮೇಲೆ. ಕಾಗುಣಿತ ಮೊಮ್ಮಗಳು ತಿದ್ದಿದಾಳೆ. ವಿಷಯಕ್ಕೆ ಕೈ ಹಾಕಿದರೆ ನೋಡು ಅಂತ ಗದರಿಸಿದೀನಿ.

ನಾನು ಮದುವೆಯಾಗಿ ಅಶೋಕಪುರಂನ ಎರಡು ಕೋಣೆ ಮನೆಗೆ ಬಂದಾಗ ನೀನು ಕಿಟಕಿ ಕೆಳಗೆ ಮಣೆ ಹಾಕ್ಕೊಂಡು ಊದುಬತ್ತಿ ಹೊಸೀತಿದ್ದೆ. ನನ್ನ ಗಂಡನಿಗೆ ಒಬ್ಬಳೇ ತಂಗಿ. ಚಿಕ್ಕಂದಿನಲ್ಲಿ ಅಮ್ಮ ಆಗಿ, ಅದೇ ಸಿಡುಬು, ಎರಡು ಕಣ್ಣೂ ಹೋಗಿದ್ದವು. ನಿನ್ನ ನೋಡಿ ನನಗೆ ಅಯ್ಯೋ ಅನ್ನಿಸಲಿಲ್ಲ, ನಿಜ ಹೇಳ್ತೀನಿ. ಇವಳನ್ನ ಕೊನೇತನಕ ನಾನೇ ನೋಡ್ಕೋಬೇಕಲ್ಲ ಅನ್ನಿಸಿತು. ಆಮೇಲೆ ನೋಡಿದರೆ ನೀನು ನನ್ನ ಎರಡರಷ್ಟು ಕಡ್ಡಿ ಹೊಸೀತಿದ್ದೆ, ಅದೂ ನನ್ನ ಮಗನ್ನ ತೊಡೆ ಮೇಲೆ ಮಲಗಿಸ್ಕೊಂಡು. ಯಾರು ಯಾರನ್ನ ನೋಡ್ಕೊಂಡರು — ಆವತ್ತೂ ಗೊತ್ತಾಗಲಿಲ್ಲ, ಇವತ್ತೂ ಗೊತ್ತಿಲ್ಲ.

ನನಗೆ ಪಿಕ್ಚರ್ ಹುಚ್ಚು. ನಿಮ್ಮಣ್ಣನಿಗೆ ಅದು ಆಗ್ತಿರಲಿಲ್ಲ. "ಮನೆ ಹೆಂಗಸು ಒಬ್ಬಳೇ ಟಾಕೀಸಿಗೆ ಹೋಗದು ಅಂದ್ರೆ ಏನು? ಸರೋಜ ಬಂದ್ರೆ ಹೋಗು. ಇಲ್ದಿದ್ರೆ ಬೇಡ" ಅಂದುಬುಟ್ಟರು. ಹೊಸೆದ ಕಡ್ಡಿ ಒಪ್ಪಿಸಿ ಬಂದ ದಿನ ನಾವಿಬ್ಬರೂ ಮ್ಯಾಟಿನಿಗೆ ಹೋಗ್ತಿದ್ದೆವು. ಕಾಣದವಳಿಗೆ ಯಾಕೆ ಟಿಕೆಟ್ಟು ಅಂತ ಗೇಟಿನವನೂ ನಗ್ತಿದ್ದ. ನೀನು ನನ್ನ ಭುಜ ಹಿಡ್ಕೊಂಡು ಬೆಂಚಿಗೆ ಬಂದು ಕೂರ್ತಿದ್ದೆ. ನಾನು ನಿನ್ನ ಕಿವಿಗೆ ಬಾಯಿಟ್ಟು ಪಿಕ್ಚರ್ ಹೇಳ್ತಿದ್ದೆ.

ಒಂದು ಸಲ ಹಿಂದಿನ ಸಾಲಿನ ಗಂಡಸು ರೇಗಿದ. "ರೀ, ನಾವು ದುಡ್ಡು ಕೊಟ್ಟು ನಿಮ್ಮ ಕಾಮೆಂಟ್ರಿ ಕೇಳಕ್ಕೆ ಬಂದಿದೀವಾ?" ನೀನು ಹಿಂದೆ ತಿರುಗಿ ಹೇಳಿದೆ, "ನಾನೂ ದುಡ್ಡು ಕೊಟ್ಟೇ ಬಂದಿರೋದು ಕಣಪ್ಪ. ಟಾಕೀಸಿನವರು ಅರ್ಧ ಪಿಕ್ಚರ್ ಕೊಟ್ಟವ್ರೆ, ಇನ್ನರ್ಧ ನಮ್ಮತ್ತಿಗೆ ಕೊಡ್ತಾವ್ಳೆ. ಸುಮ್ನೆ ಕೂತ್ಕೋ."

ಮಾತು ಇರೋ ಕಡೆ ನನಗೆ ಕೆಲಸ ಇರಲಿಲ್ಲ. ನಿನ್ನ ಕಿವಿ ನನ್ನ ಕಿವಿಗಿಂತ ಚುರುಕು. ಮಾತು ನಿಂತು ಬರೀ ಸಂಗೀತ ಶುರುವಾಯಿತು ಅಂದರೆ ನಿನ್ನ ಮೊಣಕೈ ನನ್ನ ಪಕ್ಕೆಗೆ ತಿವೀತಿತ್ತು. ಏನಾಗ್ತಾ ಅದೆ ಹೇಳು ಅಂತ. ಅಲ್ಲಿ ನಾನು ಹೇಳಿದ್ದೇ ಪಿಕ್ಚರು. ತಿದ್ದೋರು ಯಾರೂ ಇಲ್ಲ.

ಮೊದಮೊದಲು ನಿಜಾನೇ ಹೇಳಿದೆ. ಆಮೇಲೆ — ಬೆಳಿಗ್ಗೆಯಿಂದ ಬಗ್ಗಿ ಹೊಸೆದು ಬಂದು ಕತ್ತಲಲ್ಲಿ ಕೂತರೆ ನಿದ್ದೆ ಹತ್ತೋದು. ಮೊಣಕೈ ಬಿದ್ದಾಗ ಎಚ್ಚರಾಗಿ ಬಾಯಿಗೆ ಬಂದದ್ದು ಹೇಳ್ತಿದ್ದೆ. ಒಂದೊಂದು ಸಲ ಹೊಟ್ಟೆಕಿಚ್ಚಿಗೂ ಹೇಳಿದೀನಿ. ನೀಲಿ ಸೀರೆ ಉಟ್ಟವಳಿಗೆ ಹಳದಿ ಅಂದಿದೀನಿ. ಹಳದಿ ಅಂದರೆ ನಿನಗೇನು, ನೀಲಿ ಅಂದರೆ ನಿನಗೇನು. ಆದರೂ ಅಂದೆ. ಯಾಕೆ ಅಂದೆನೋ.

ಸಂಗೀತ ಮಾಡಿದವರ ಹೆಸರು ನೀನು ರೇಡಿಯೋದಲ್ಲಿ ಕೇಳಿ ಹೇಳ್ತಿದ್ದೆ. ದೊಡ್ಡ ದೊಡ್ಡ ಹೆಸರು, ನನ್ನ ನಾಲಿಗೆ ಮೇಲೆ ನಿಲ್ತಿರಲಿಲ್ಲ. ಅದಕ್ಕೆ ನೀನೇ ನನಗೋಸ್ಕರ ಅಡ್ಡಹೆಸರು ಇಟ್ಟೆ. ಒಬ್ಬರು ಪಿಟೀಲಪ್ಪ. ಒಬ್ಬರು ಗದ್ದಲದಯ್ಯ, ಅವರ ಪಿಕ್ಚರಿನಲ್ಲಿ ಡೋಲು ತಮಟೆ ಇಲ್ಲದೆ ಬಾಗಿಲು ಕೂಡ ತೆರೀತಿರಲಿಲ್ಲ. ಇನ್ನೊಬ್ಬರು ಸುಮ್ಮನಿರೋರು. ಅವರು ತುಂಬ ಹೊತ್ತು ಏನೂ ಬಾರಿಸದೆ ಬಿಟ್ಟು, ಆಮೇಲೆ ಒಂದೇ ಒಂದು ಸದ್ದು ಮಾಡೋರು. ಅವರ ಪಿಕ್ಚರ್ ಅಂದರೆ ನೀನು ಉಸಿರು ಹಿಡಿದು ಕೂರ್ತಿದ್ದೆ. ನನಗೆ ಅವರ ಪಿಕ್ಚರಿನಲ್ಲಿ ನಿದ್ದೆ ಜಾಸ್ತಿ.

ಇಷ್ಟೆಲ್ಲ ಮರೆತೇ ಹೋಗಬೇಕಿತ್ತು. ನಿಮ್ಮಣ್ಣ ಹೋದರು, ಟಾಕೀಸು ಮುಚ್ಚಿತು, ಊದುಬತ್ತಿ ಬಿಟ್ಟು ನಾನು ರಾಮಕೃಷ್ಣನಗರದ ಗಿರಿಜಮ್ಮನವರ ಮನೆಗೆ ಅಡುಗೆಗೆ ಹೋದೆ, ನಿನ್ನನ್ನೂ ಕರ್ಕೊಂಡು. ಅವರು ಹೈಸ್ಕೂಲ್ ಟೀಚರಾಗಿದ್ದೋರು, ಹಳೇ ಪಿಕ್ಚರ್ ಅಂದರೆ ಪ್ರಾಣ. ಅಡುಗೆ ಕೆಲಸ ಬಿಟ್ಟು ಎಷ್ಟೋ ಕಾಲ ಆಯಿತು. ಆದರೂ ಭಾನುವಾರ ಬೆಳಿಗ್ಗೆ ನನ್ನ ಮಗ ನಮ್ಮಿಬ್ಬರನ್ನೂ ಆಟೋದಲ್ಲಿ ಅಲ್ಲಿ ಬಿಟ್ಟು ಹೋಗ್ತಾನೆ. ಹಜಾರದಲ್ಲಿ ಆ ಬಡಾವಣೆಯ ಏಳೆಂಟು ಜನ ಸೇರ್ತಾರೆ, ಕಾಫಿ ಕುಡೀತಾರೆ, ಹಳೇ ಪಿಕ್ಚರ್ ವಿಷಯ ಜಗಳ ಆಡ್ತಾರೆ.

ಕೆಲವು ವಾರದ ಹಿಂದೆ ಗಿರಿಜಮ್ಮ ಒಂದು ಹೊಸ ಆಟ ತೆಗೆದರು. ವಾರಕ್ಕೊಬ್ಬರ ಹಾಗೆ, ದೊಡ್ಡ ದೊಡ್ಡ ಸಂಗೀತದೋರು ಒಬ್ಬೊಬ್ಬರಿಗೂ ಒಂದೊಂದೇ ಪಿಕ್ಚರ್ ಆರಿಸಬೇಕು, ಅವರು ಮಾಡಿದ್ದರಲ್ಲಿ ಇದೇ ಎಲ್ಲಕ್ಕಿಂತ ಮೇಲು ಅಂತ. ಹಾಡು ಲೆಕ್ಕಕ್ಕಿಲ್ಲ. ಹಿಂದೆ ಬರೋ ಸಂಗೀತ ಮಾತ್ರ. ಎಲ್ಲ ಆರಿಸಿ ಮುಗಿದ ಮೇಲೆ ಬೀದಿಯವರನ್ನೆಲ್ಲ ಕರೆದು, ಆ ಭಾಗ ಟಿವಿಯಲ್ಲಿ ಹಾಕಿ, ಆರಿಸಿದೋರು ಎದ್ದು ನಿಂತು ನಾಲ್ಕು ಮಾತು ಹೇಳಬೇಕು.

"ಹಾಡು ಬೇಡ ಅಂದ್ರೆ ಇನ್ನೇನು ಉಳೀತು ಗಿರಿಜಮ್ಮ? ಉಪ್ಪಿಲ್ಲದ ಸಾರು" ಅಂದರು ಬ್ಯಾಂಕಿನಲ್ಲಿದ್ದ ಸುಬ್ಬಣ್ಣನವರು.

ನೀನು ಬಿಡಲಿಲ್ಲ. "ಹಾಡು ಎಲ್ರೂ ಮಾಡ್ತಾರೆ ಬುಡ್ರಿ. ಯಾರೂ ಮಾತಾಡ್ದೆ ಇದ್ದಾಗ ಏನು ಮಾಡವ್ರೆ, ಅದು ಹೇಳ್ರಿ."

"ನೀವು ಹೇಳೋದೋ ಸರೋಜಮ್ಮ? ಹೋದ ವಾರ ಗದ್ದಲದಯ್ಯಂದು ತಗೊಂಡು ಪಿಟೀಲಪ್ಪನ ತಲೆಗೆ ಕಟ್ಟಿದ್ರಿ."

"ಒಂದು ಸಲ ಕಿವಿ ಜಾರಿತು ಸುಬ್ಬಣ್ಣೋರೆ. ನಿಮ್ಮ ಬಾಯಿ ದಿನಾ ಜಾರ್ತದೆ."

ಎಲ್ಲರೂ ನಕ್ಕರು. ನೀನಿಟ್ಟ ಅಡ್ಡಹೆಸರು ಅಲ್ಲಿ ಎಲ್ಲರ ಬಾಯಲ್ಲೂ ಓಡಾಡ್ತಿತ್ತು. ನಾನು ಮೂಲೆ ಕುರ್ಚಿಯಲ್ಲಿ ಕಾಫಿ ಕುಡೀತಾ ಕೂತಿದ್ದೆ. ನನಗೆ ಆ ಆಟದಲ್ಲಿ ಪಾಲಿಲ್ಲ. ನಾನು ಪಿಕ್ಚರ್ ನೋಡಿದೋಳೇ ಹೊರತು ಕೇಳಿದೋಳಲ್ಲ.

ಪಿಟೀಲಪ್ಪನಿಗೆ ನೀನು ಆರಿಸಿದ್ದು ನೆನಪಿದೆಯಾ? "ಅಜ್ಜಿ ಬಾವಿಕಟ್ಟೆ ಮೇಲೆ ಕೂತು ಅಳೋ ಕಡೆ ಬರೋ ಪಿಟೀಲು. ಅದಕ್ಕಿಂತ ಮೇಲು ಅವರು ಇನ್ನೊಂದು ಮಾಡಿಲ್ಲ" ಅಂದೆ. ಗಿರಿಜಮ್ಮ ಹುಡುಕಿ ಟಿವಿಯಲ್ಲಿ ಹಾಕಿದರು. ಅಜ್ಜಿಯೂ ಇಲ್ಲ, ಬಾವಿಯೂ ಇಲ್ಲ. ಒಬ್ಬ ಪೊಲೀಸಿನವನು ಸೈಕಲ್ ತಳ್ಳಿಕೊಂಡು ದಿಬ್ಬ ಹತ್ತುತ್ತಿದಾನೆ. ಸುಬ್ಬಣ್ಣನವರು ನಕ್ಕು ನಕ್ಕು ಕೆಮ್ಮಿದರು. ನೀನೂ ನಕ್ಕೆ. "ನಮ್ಮತ್ತಿಗೆ ತೂಕಡಿಸಿರಬೇಕು" ಅಂದೆ. ಸರಿಯಾಗೇ ಹೇಳಿದೆ. ತೂಕಡಿಸಿದ್ದೆ. ನಾನೂ ನಕ್ಕೆ.

ಆದರೆ ಗಿರಿಜಮ್ಮ ಇನ್ನೊಂದು ಸಲ ಹಾಕಿಸಿ ಕಣ್ಣು ಮುಚ್ಚಿ ಕೇಳಿದರು. "ಸರೋಜಮ್ಮ ಹೇಳೋದೇ ಸರಿ. ಈ ಪಿಟೀಲಿಗೆ ಅಜ್ಜಿಯೇ ಬೇಕಿತ್ತು" ಅಂದರು. ಎಲ್ಲರೂ ಒಪ್ಪಿ ಅದನ್ನೇ ಆರಿಸಿಬಿಟ್ಟರು. ಆಗ ನನಗೆ ತಲೆ ಕೆಟ್ಟಿತು. ಹಾಗಾದರೆ ನನ್ನ ಸುಳ್ಳೇ ಸರಿ, ಪಿಕ್ಚರೇ ತಪ್ಪಾ? ಇಷ್ಟು ವರ್ಷ ನೀನು ಆರಿಸಿಟ್ಟುಕೊಂಡಿರೋದು ಆ ಸಂಗೀತದೋರು ಮಾಡಿದ್ದನ್ನೋ, ನಾನು ಕಿವಿಯಲ್ಲಿ ಊದಿದ್ದನ್ನೋ — ಅಲ್ಲಿಂದ ಶುರುವಾಯಿತು ನನಗೆ ದಿಗಿಲು. ಯಾಕೆ ಅಂದರೆ ಸುಮ್ಮನಿರೋರ ಸರದಿ ಇನ್ನೂ ಬಂದಿರಲಿಲ್ಲ. ನೀನು ಯಾವುದು ಆರಿಸ್ತೀಯ ಅಂತ ನನಗೆ ಗೊತ್ತಿತ್ತು.

ಈಗ ಶಿವಣ್ಣನ ವಿಷಯ. ನಾವಿನ್ನೂ ಟಾಕೀಸಿಗೆ ಹೋಗ್ತಿದ್ದ ಕಾಲ.

ಮೇಟಗಳ್ಳಿಯಲ್ಲಿ ಮೈಕ್‌ಸೆಟ್ ಇಟ್ಟಿದ್ದ ಶಿವಣ್ಣ ಗಣೇಶನ ಹಬ್ಬಕ್ಕೆ ನಮ್ಮ ಬೀದಿಗೆ ಬಂದಿದ್ದ. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ನಮ್ಮ ಜಗುಲಿ ಮೇಲೆ ಅವನ ಸಾಮಾನು. ನೀನು ಬಾಗಿಲಲ್ಲಿ ಕೂತು ಅವನ ಹಾಡಿನ ಪ್ಲೇಟುಗಳ ವಿಷಯ ಅವನ ಹತ್ತಿರ ಜಗಳ ಆಡಿದೆ. ಹಬ್ಬ ಮುಗಿದ ಮೇಲೂ ಅವನು ಬಂದ. ಆಮೇಲೆ ತಾಯಿಯನ್ನು ಕರ್ಕೊಂಡು ಬಂದ, ಹೂವು ಹಣ್ಣು ಹಿಡ್ಕೊಂಡು. ನಿಮ್ಮಣ್ಣ ಕಣ್ಣೊರೆಸಿಕೊಂಡರು. ನಾನು ಅವರ ಕಣ್ಣಲ್ಲಿ ನೀರು ನೋಡಿದ್ದು ಅದೊಂದೇ ಸಲ. "ಸರೋಜ ಒಪ್ಪಿದರೆ ನನ್ನದೇನೂ ಇಲ್ಲ" ಅಂದರು.

ನೀನು, "ಒಂದು ವಾರ ಟೈಮ್ ಕೊಡಿ" ಅಂದೆ.

ಆ ವಾರದಲ್ಲಿ ಸುಮ್ಮನಿರೋರ ಆ ಪಿಕ್ಚರ್ ಬಂತು. ಕಣ್ಣಿಲ್ಲದ ಹುಡುಗಿ ಕಥೆ ಅಂತ ಯಾರೋ ಹೇಳಿದ್ದರು. ನೀನೇ ಹೋಗೋಣ ಅಂದೆ. ಯಾವತ್ತೂ ನೀನು ಬಾಯಿ ಬಿಟ್ಟು ಕೇಳಿದೋಳಲ್ಲ, ಆವತ್ತು ಕೇಳಿದೆ. ಟಾಕೀಸಿನಲ್ಲಿ ಜನವೇ ಇರಲಿಲ್ಲ. ಪಿಕ್ಚರ್ ನಿಧಾನ. ಹುಡುಗಿಯನ್ನು ಒಬ್ಬ ಕೇಳಿಕೊಂಡು ಬರ್ತಾನೆ. ಅವಳು ಆಗಲಿ ಅಂತಾಳೆ. ಅಷ್ಟರಲ್ಲಿ ಜ್ವರ ಬಂದು ಮಲಗ್ತಾಳೆ. ಡಾಕ್ಟರು, "ಬೆಳಗಾಗಲಿ, ನೋಡೋಣ" ಅಂತಾನೆ. ಅಲ್ಲಿಂದ ಕೊನೇತನಕ ಒಂದೂ ಮಾತಿಲ್ಲ. ಬರೀ ವೀಣೆ, ಹೆಂಗಸರ ಗುನುಗು, ಕೊನೆಗೆ ಒಂದೇ ಸಲ ಗಂಟೆ ಸದ್ದು. ಅಷ್ಟೇ.

ನಿನ್ನ ಮೊಣಕೈ ತಿವಿಯಿತು.

ನಾನು ತೂಕಡಿಸಿರಲಿಲ್ಲ. ಕಣ್ಣು ಬಿಟ್ಟುಕೊಂಡು ನೋಡ್ತಿದ್ದೆ. ನೋಡ್ತಾ ನೋಡ್ತಾ ಹೇಳಿದೆ, "ಹೋದಳು ಕಣೆ. ತಲೆ ಹತ್ತಿರ ದೀಪ ಇಟ್ಟವ್ರೆ. ಗಂಡು ಬಾಗಿಲ ಆಚೆ ನಿಂತವ್ನೆ, ಒಳಗೆ ಬರ್ತಿಲ್ಲ. ಈಗ ನಾಲ್ಕು ಜನ ಬಂದ್ರು." ಗಂಟೆ ಹೊಡೆಯಿತು. "ಎತ್ತಿದರು" ಅಂದೆ.

ಒಂದು ಮಾತೂ ತಡವರಿಸಲಿಲ್ಲ ನಾನು. ಅದೇ ನನಗೆ ಈಗಲೂ ಹೆದರಿಕೆ.

ನೀನು ಅಳಲಿಲ್ಲ. ಮನೆಗೆ ಬಂದು ಮಣೆ ಮೇಲೆ ಕೂತು ಅರ್ಧ ಬಿಟ್ಟಿದ್ದ ಕಡ್ಡಿ ಹೊಸೆಯಕ್ಕೆ ಶುರು ಮಾಡಿದೆ. ಎರಡು ದಿನ ಬಿಟ್ಟು ನಿಮ್ಮಣ್ಣನಿಗೆ "ಬೇಡ ಅಣ್ಣ" ಅಂದೆ. ಯಾಕೆ ಅಂತ ಅವರು ಕೇಳಿದರು. "ಬೇಡ" ಅಂದೆ ಅಷ್ಟೇ. ಆ ಪಿಕ್ಚರ್ ಒಂದು ವಾರವೂ ಓಡಲಿಲ್ಲ. ನಮ್ಮ ಬೀದಿಯಲ್ಲಿ ಬೇರೆ ಯಾರೂ ನೋಡಲಿಲ್ಲ. ನನಗೆ ಅನುಕೂಲವಾಯಿತು.

ಈಗ ಹೇಳು, ಯಾಕೆ ಮಾಡಿದೆ ನಾನು? ನೀನು ಹೋದರೆ ಹೊಸೆಯೋ ಕೈ ಹೋಗ್ತದೆ, ಮಗನ್ನ ನೋಡ್ಕೊಳ್ಳೋರಿಲ್ಲ ಅಂತಲೇ? ಅದೂ ಇತ್ತು. ಆ ಶಿವಣ್ಣ ನಿನ್ನನ್ನು ಸರಿಯಾಗಿ ನೋಡ್ಕೊಳ್ತಾನೋ ಇಲ್ಲವೋ ಅಂತ ಭಯ ಇತ್ತೇ? ಇತ್ತು ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳ್ಕೊಂಡೆ. ಇರಲಿಲ್ಲ. ಅವನು ಒಳ್ಳೆಯವನು ಅಂತ ನೋಡಿದ ದಿನವೇ ಗೊತ್ತಿತ್ತು. ಇನ್ನೂ ಒಂದು ಇದೆ, ಬರೆಯಕ್ಕೆ ನಾಚಿಕೆ. ನೀನು ಹೋದರೆ ನಿಮ್ಮಣ್ಣ ನನ್ನನ್ನು ಪಿಕ್ಚರಿಗೆ ಕಳಿಸ್ತಿರಲಿಲ್ಲ. ಒಬ್ಬಳ ಬದುಕು ಒಂದು ಕಡೆ, ನನ್ನ ಮ್ಯಾಟಿನಿ ಒಂದು ಕಡೆ. ಯಾವುದು ಮೊದಲು ತಲೆಗೆ ಬಂತು — ಆ ಬೆಂಚಿನ ಮೇಲೆ ಮತ್ತೆ ಮತ್ತೆ ಹೋಗಿ ಕೂತು ನೋಡ್ತೀನಿ, ಗೊತ್ತಾಗಲ್ಲ. ಎಲ್ಲ ಒಟ್ಟಿಗೇ ಬಂದವೋ ಏನೋ. ಏನೂ ಬರದೇನೂ ಹೇಳಿರಬಹುದು. ಅಷ್ಟು ದಿನ ಸುಳ್ಳು ಹೇಳಿ ಅಭ್ಯಾಸ ಆಗಿತ್ತಲ್ಲ, ನಾಲಿಗೆ ತಾನೇ ನಡೆದುಹೋಯಿತೋ.

ನೀನು ಬೇಡ ಅಂದದ್ದು ನನ್ನ ಮಾತಿಗೇನಾ ಅನ್ನೋದೂ ನನಗೆ ಗೊತ್ತಿಲ್ಲ. ನಿನಗೇ ಅವನು ಬೇಡವಾಗಿದ್ದನೋ ಏನೋ. ಅದರ ಹಿಂದೆ ಅವಿತುಕೊಂಡೇ ಇಷ್ಟು ವರ್ಷ ಕಳೆದೆ. ಶಿವಣ್ಣ ಬೇರೆ ಮದುವೆಯಾದ. ಅವನ ಮೈಕ್ ಎಲ್ಲಾದರೂ ಕೇಳಿಸಿದರೆ ನೀನು, "ಬೇಸ್ ಜಾಸ್ತಿ ಇಟ್ಟವ್ನೆ, ಬರೀ ದಂ ದಂ ಅಂತದೆ. ಹೇಳೋರು ಯಾರೂ ಇಲ್ಲ ಅವನಿಗೆ" ಅಂತಿದ್ದೆ. ನಾನು ಕೇಳಿಸದವಳ ಹಾಗೆ ಪಾತ್ರೆ ತೊಳೀತಿದ್ದೆ.

ಹೋದ ಭಾನುವಾರ ಸುಮ್ಮನಿರೋರ ಸರದಿ ಬಂತು. ನೀನು ಆ ಪಿಕ್ಚರಿನ ಹೆಸರು ಹೇಳಿದೆ. ಯಾರಿಗೂ ನೆನಪಿರಲಿಲ್ಲ. ಗಿರಿಜಮ್ಮ ಹೇಗೋ ಹುಡುಕಿ ಇಟ್ಟಿದ್ದರು. ಟಿವಿ ಮುಂದೆ ಎಲ್ಲರೂ ಕೂತರು. ನೀನು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ ಹೇಳಿದೆ, "ಕೇಳಿ. ಸಾವಿಗೆ ಇಷ್ಟು ಮೆತ್ತಗೆ ಯಾರೂ ಮಾಡಿಲ್ಲ. ಈಗ ದೀಪ ಇಡ್ತಾರೆ. ಈಗ ನೋಡಿ, ಎತ್ತುತ್ತಾರೆ."

ಗಂಟೆ ಹೊಡೆಯಿತು. ಸುಬ್ಬಣ್ಣನವರು ಕೂಡ ನಗಲಿಲ್ಲ. ಮೆತ್ತಗೆ ಅಂದರು, "ಅಲ್ಲ ಸರೋಜಮ್ಮ, ಅದು ಮದುವೆ ಕಣ್ರೀ. ಹುಡುಗಿ ಗಂಡನ ಮನೆಗೆ ಹೊರಟಿದಾಳೆ."

ನೀನು ನಾನಿದ್ದ ಮೂಲೆಗೆ ಮುಖ ತಿರುಗಿಸಿದೆ. "ಅತ್ತಿಗೆ, ನೀನು ಏನು ನೋಡ್ದೆ?"

ನಾನು ಹೇಳಿದೆ, "ನನಗೆ ಸರಿಯಾಗಿ ಕಾಣ್ಸಲ್ಲ ಕಣಮ್ಮ. ಕಣ್ಣಿಗೆ ಪೊರೆ ಬಂದದೆ."

ಪೊರೆ ತೆಗೆಸಿ ಎರಡು ವರ್ಷ ಆಯಿತು. ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತೋಳು ನೀನು. ಮನೆಗೆ ಬಂದ ಮೇಲೆ ಬೆರಳಲ್ಲಿ ರೆಪ್ಪೆ ಬಿಡಿಸಿ ಡ್ರಾಪ್ಸ್ ಹಾಕಿದೋಳು ನೀನು. ಒಂದು ತೊಟ್ಟೂ ಹೊರಗೆ ಚೆಲ್ಲಲಿಲ್ಲ. ಅಂಥವಳ ಮುಂದೆ ಹೇಳಿದೆ ಪೊರೆ ಅಂತ.

ನೀನು ಗಿರಿಜಮ್ಮನ ಕಡೆ ತಿರುಗಿ, "ಇದೇ ಅವರದ್ದು ಮೇಲೋ ಅಲ್ವೋ ಈಗ ಗೊತ್ತಾಗ್ತಿಲ್ಲ. ಒಂದು ವಾರ ಟೈಮ್ ಕೊಡಿ" ಅಂದೆ.

ಅದೇ ಮಾತು. ಅದೇ ದನಿ. ನಿನಗೆ ಗೊತ್ತಿದ್ದು ಹೇಳಿದೆಯೋ, ಸುಮ್ಮನೆ ಬಂತೋ. ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟುಬಿಟ್ಟೆ.

ಆಟೋದಲ್ಲಿ ಬರುವಾಗ ನೀನು ಮಾತಾಡಿದ್ದು ಒಂದೇ. "ಅತ್ತಿಗೆ, ಆ ಡ್ರಾಪ್ಸ್ ಮುಗೀತಾ?"

"ಯಾವಾಗ್ಲೋ ಮುಗೀತು."

"ಹೂಂ" ಅಂದೆ.

ಆ ಹೂಂ ಅನ್ನೋದರಲ್ಲಿ ಏನಿತ್ತು ಅಂತ ಈ ವಾರವೆಲ್ಲ ತಲೆ ಕೆರೆದುಕೊಂಡೆ. ನಿನಗೆ ಟಾಕೀಸಿನಲ್ಲೇ ಗೊತ್ತಾಗಿತ್ತೇ? ಇಷ್ಟು ಕಿವಿ ಇರೋಳಿಗೆ ನನ್ನ ದನಿ ಕೇಳಲಿಲ್ಲವೇ? ಗೊತ್ತಿದ್ದೂ ಬೇಡ ಅಂದೆಯಾ, ಅತ್ತಿಗೆಗೆ ನಾನು ಬೇಕು ಅಂತ? ಹಾಗಿದ್ದರೆ ನಾನು ಮಾಡಿದ್ದು ಚಿಕ್ಕದಾಗಲ್ಲ, ಇನ್ನೂ ದೊಡ್ಡದಾಗ್ತದೆ. ಗೊತ್ತಿರಲಿಲ್ಲ ಅಂದರೆ — ಅದೂ ಕಡಿಮೆಯದಲ್ಲ. ಯಾವ ಕಡೆಯಿಂದ ನೋಡಿದರೂ ನನಗೆ ಜಾಗ ಇಲ್ಲ.

ನೀನು ಕ್ಷಮಿಸು ಅಂತ ಬರೆಯಲ್ಲ. ಅದು ನಿನಗೆ ಬಿಟ್ಟದ್ದು. ನಾನೇ ಕೂತು ಬಾಯಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಕಿವಿಯ ಹತ್ತಿರ ನನ್ನ ಬಾಯಿ ಹೋದರೆ ಏನು ಹೇಳ್ತೀನಿ ಅಂತ ನನಗೇ ನಂಬಿಕೆ ಇಲ್ಲ. ಬರೆದುಕೊಂಡು ಓದಿದರೂ ಎಲ್ಲೋ ಒಂದು ಸಾಲು ಹಾರಿಸ್ತೀನಿ, ಒಂದು ಮಾತು ಮೆತ್ತಗೆ ಮಾಡ್ತೀನಿ. ಅದಕ್ಕೆ ಶನಿವಾರ ಗಿರಿಜಮ್ಮನವರನ್ನು ಮನೆಗೆ ಕರೆದಿದೀನಿ. ಅವರು ಇದ್ದದ್ದನ್ನು ಇದ್ದ ಹಾಗೆ ಓದ್ತಾರೆ. ನಾನು ಪಕ್ಕದಲ್ಲೇ ಕೂತಿರ್ತೀನಿ, ಎದ್ದು ಒಳಗೆ ಹೋಗಲ್ಲ. ಭಾನುವಾರ ನೀನು ಆರಿಸಬೇಕಲ್ಲ. ಅದೇ ಪಿಕ್ಚರ್ ಆರಿಸು, ಬೇರೆ ಆರಿಸು, ಏನೂ ಆರಿಸದೇ ಇರು. ಆದರೆ ಅಲ್ಲಿ ಏನಿದೆ ಅಂತ ಕೇಳಿ ಆರಿಸು.

ಅಲ್ಲಿ ಇರೋದು ಇದು. ಬೆಳಗಾಗಿದೆ. ಹುಡುಗಿಗೆ ಜ್ವರ ಬಿಟ್ಟಿದೆ. ಗೋಡೆಗೆ ಒರಗಿ ಕೂತಿದಾಳೆ, ಯಾರೋ ಅವಳ ತಲೆ ಬಾಚ್ತಿದಾರೆ. ವೀಣೆ ಶುರುವಾಗೋದು ಆಗ. ಆಮೇಲೆ ಎರಡು ಹಾರ. ವಾಲಗ ಇಲ್ಲ, ಪಂಕ್ತಿ ಊಟ ಇಲ್ಲ, ಮನೆಯವರಷ್ಟೇ. ಗುನುಗು ಕೇಳಿಸ್ತದಲ್ಲ, ಆಗ ಹೆಂಗಸರು ಅವಳ ಮಡಿಲು ತುಂಬ್ತಿದಾರೆ. ಹುಡುಗಿ ಎದ್ದು ಬಾಗಿಲಿಗೆ ಬರ್ತಾಳೆ. ಗುನುಗು ನಿಲ್ತದೆ. ಗಂಡು ಹೊಸ್ತಿಲ ಆಚೆ ನಿಂತಿದಾನೆ. ಕೈ ಹಿಡಿಯಕ್ಕೆ ಬರಲ್ಲ, ಕಾಯ್ತಾನೆ. ಅವಳು ಕೈಯಲ್ಲಿ ಬಾಗಿಲ ಚೌಕಟ್ಟು ಸವರಿ ನೋಡ್ತಾಳೆ. ಕಾಲ್ಬೆರಳಲ್ಲಿ ಹೊಸ್ತಿಲು ಹುಡುಕಿ, ಕಾಲು ಎತ್ತಿ ಆಚೆಗೆ ಇಡ್ತಾಳೆ.

ಗಂಟೆ ಅಲ್ಲಿ.